ಕಾಲಿನ ಜೋಮು ಬಿಡದಿದ್ದರೆ ಏನು ಮಾಡಬೇಕು?

ಕೋಲಾರದ ಕಡೆ ಬೇಸಿಗೆ ಬಂತೆಂದರೆ ಮನೆ ಜಗಲಿಗಳಲ್ಲಿ ಹುಣಸೆಹಣ್ಣಿನ ರಾಶಿ. ನಮ್ಮ ಚಿಕ್ಕಮ್ಮ ಬೆಳಗ್ಗೆಯಿಂದ ಸಂಜೆವರೆಗೆ ಕುಕ್ಕರಗಾಲಲ್ಲಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಒಂದು ಸಂಜೆ ಎದ್ದು ನಾಲ್ಕು ಹೆಜ್ಜೆ ಇಟ್ಟರು. ಬಲಗಾಲಿನ ಚಪ್ಪಲಿ ಹಿಂದೆಯೇ ಉಳಿದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಪಾದ ಮೇಲಕ್ಕೆತ್ತಲು ಬರುತ್ತಿರಲಿಲ್ಲ.

ಮಂಡಿಯ ಹೊರಬದಿಗೆ, ಸ್ವಲ್ಪ ಕೆಳಗೆ ಮುಟ್ಟಿ ನೋಡಿ. ಮೂಳೆಯ ಗಂಟೊಂದು ಸಿಗುತ್ತದೆ. ಪಾದ ಎತ್ತುವ ನರ ಅದರ ಕೆಳಗೇ ಮೂಳೆಯನ್ನು ಬಳಸಿಕೊಂಡು ಹೋಗುತ್ತದೆ. ಕುಕ್ಕರಗಾಲಲ್ಲಿ ಕೂತಾಗ ಅದು ಅದುಮಿಹೋಗುತ್ತದೆ.

ನರಕ್ಕೂ ರಕ್ತ ಬೇಕಲ್ವಾ? ಒತ್ತಡ ಬಿದ್ದರೆ ನರದೊಳಗಿನ ಸಣ್ಣ ರಕ್ತನಾಳಗಳು ಮುಚ್ಚುತ್ತವೆ. ಸಂಕೇತ ನಿಧಾನವಾಗಿ, ಆಮೇಲೆ ನಿಂತೇ ಹೋಗುತ್ತದೆ. ಕಾಲು ಮರಗಟ್ಟುವುದು ಹೀಗೆ. ಎದ್ದಾಗ ರಕ್ತ ಮರಳುತ್ತದೆ, ಎಚ್ಚೆತ್ತ ನರ ಸುಮ್ಸುಮ್ನೆ ಸಂಕೇತ ಕಳಿಸುತ್ತದೆ. ಅದೇ ಜುಮುಜುಮು. ಕೆಲವು ನಿಮಿಷಗಳಲ್ಲಿ ಹೋದರೆ ಹೆದರಬೇಡಿ.

ಗಂಟೆಗಟ್ಟಲೆ ಒತ್ತಿದರೆ ಮಾತ್ರ ಕಷ್ಟ. ನರದ ಎಳೆಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಅದಿದ್ದರೇ ಸಂಕೇತ ಸೆಕೆಂಡಿಗೆ ಸುಮಾರು 50 ಮೀಟರ್ ಓಡುವುದು. ಹೊದಿಕೆ ಕೆಟ್ಟರೆ ಸರಿಹೋಗಲು ಕೆಲವು ವಾರದಿಂದ 3 ತಿಂಗಳು ಬೇಕು. ಚಿಕ್ಕಮ್ಮನಿಗೆ ಎರಡೂವರೆ ತಿಂಗಳು ಹಿಡಿಯಿತು. ಒಳಗಿನ ಎಳೆಯೇ ತುಂಡಾದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್.

ಮೊದಲು ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಡೆದು ನೋಡಿ. ಒಂದು ಪಾದ ಕೆಳಗೆ ಜೋತರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಕೈ ಜೋಮಾದರೆ ಬೆರಳು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ ನರ ಒತ್ತಿರುವುದು ಹೆಚ್ಚಾಗಿ ಮಣಿಕಟ್ಟಿನಲ್ಲಿ. ರಾತ್ರಿ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ ಕಟ್ಟಿಕೊಂಡು ಮಲಗಿ. ಕಿರುಬೆರಳಾದರೆ ಮೊಣಕೈ ನೋಡಿ, ಅದನ್ನು ಊರಿ ಕೂರುವುದು ಬಿಡಿ.

ಆಮೇಲೆ ಕೂರುವ ರೀತಿ ಬದಲಿಸಿ. ಮಣೆ ಸಾಲದು, ಮಂಡಿ ಮಡಚಿಯೇ ಇರುತ್ತದೆ. ಮಂಡಿಯೆತ್ತರದ ಸ್ಟೂಲ್ ಹಾಕಿಕೊಂಡು, ಹಣ್ಣನ್ನು ಬೆಂಚಿನ ಮೇಲಿಟ್ಟುಕೊಳ್ಳಿ. ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಏಳಿ.

ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಶಾಖ ಬೇಡವೇ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಕಾಣುವುದು.

ಜೋಮು ದಿನಗಟ್ಟಲೆ ಉಳಿದರೆ ಸಕ್ಕರೆ, ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಒಂದೇ ಬದಿಯ ಕೈಕಾಲು ದಿಢೀರನೆ ಸೋತು, ಮಾತು ತೊದಲಿದರೆ ಅದು ಜೋಮಲ್ಲ. ತಕ್ಷಣ 108ಕ್ಕೆ ಫೋನ್ ಮಾಡಿ.