ಮಿದುಳು ತಲುಪದ ಔಷಧ ತಲುಪಿದಂತೆ ಕಂಡಾಗ

ಟ್ರಾನ್ಸ್‌ಫೆರಿನ್ ಗ್ರಾಹಕವನ್ನು (ರಕ್ತನಾಳದ ಗೋಡೆಯಲ್ಲಿದ್ದು ಕಬ್ಬಿಣವನ್ನು ಒಳಸಾಗಿಸುವ ಪ್ರೋಟೀನನ್ನು) ಹಿಡಿದು, ರಕ್ತದಲ್ಲಿನ ಹೆಚ್ಚಿನ ವಸ್ತುಗಳನ್ನು ಮಿದುಳಿಗೆ ಬಿಡದ ರಕ್ತ-ಮಿದುಳು ತಡೆಗೋಡೆಯನ್ನು ದಾಟಬೇಕಿದ್ದ ನಮ್ಮ ಔಷಧವಾದ ಪ್ರತಿಕಾಯವು ಇಲಿಯ ಮಿದುಳಿನಲ್ಲಿ ಹೇರಳವಾಗಿ ಕಂಡುಬಂದರೂ, ನರಕೋಶಗಳ ಮೇಲೆ ಅದರ ಪರಿಣಾಮ ಮಾತ್ರ ಕಾಣಿಸುತ್ತಿರಲಿಲ್ಲ. ತಿಂಗಳುಗಟ್ಟಲೆ ನಾನು ಔಷಧವನ್ನೇ ಶಂಕಿಸಿದೆ. ಅರೆದ ಮಿದುಳು ತಿಳಿಗೆಂಪಾಗಿರುವುದನ್ನು ಒಂದು ಸಂಜೆ ಗಮನಿಸಿದಾಗ, ಲೋಮನಾಳಗಳಲ್ಲಿ (ಅತಿ ಸಣ್ಣ ರಕ್ತನಾಳಗಳಲ್ಲಿ) ಉಳಿದ ರಕ್ತವನ್ನೂ ಅಳೆಯುತ್ತಿದ್ದೇವೆಂದು ಹೊಳೆಯಿತು. ಆಮೇಲೆ, ಆಳವಾದ ಅರಿವಳಿಕೆಯಲ್ಲಿ ರಕ್ತ ತೊಳೆದುಹೋಗಲೆಂದು ಹೃದಯದ ಮೂಲಕ ತಣ್ಣನೆಯ ಸಲೈನ್ ಹಾಯಿಸಿ, ಯಕೃತ್ತು ಬಿಳಿಚಿಕೊಳ್ಳುವವರೆಗೆ ಕಾದು, ಅರೆದ ಅಂಗಾಂಶವನ್ನು ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಪಾಲಿಮರ್‌ನ ದ್ರಾವಣದೊಡನೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳಕ್ಕಿಳಿದ ಲೋಮನಾಳಗಳನ್ನೂ ಮೇಲುಳಿದ ಮಿದುಳಿನ ಭಾಗವನ್ನೂ ಬೇರೆಬೇರೆಯಾಗಿ ಅಳೆದೆ. ಬಹುಪಾಲು ಔಷಧ ಲೋಮನಾಳಗಳ ಗೋಡೆಯಲ್ಲೇ ಸಿಕ್ಕಿಕೊಂಡಿತ್ತು. ಗ್ರಾಹಕವನ್ನು ಅತಿ ಬಿಗಿಯಾಗಿ ಹಿಡಿದ ಪ್ರತಿಕಾಯ ಆಚೆ ಬದಿಯಲ್ಲಿ ಕಳಚಿಕೊಳ್ಳುವುದಿಲ್ಲ ಎಂಬುದು 2011ರಲ್ಲೇ ಪ್ರಕಟವಾಗಿದ್ದ ಸಂಗತಿ. ಅದನ್ನು ನಾನು ಓದಿಯೂ ಇದ್ದೆ. ಹಿಡಿತ ಸಡಿಲವಿರುವ ಪ್ರತಿಕಾಯವನ್ನು ಆರಿಸಿಕೊಂಡ ಬಳಿಕ, ಲೋಮನಾಳಗಳನ್ನು ಬೇರ್ಪಡಿಸಿದ ಮಾದರಿಯಲ್ಲೂ ಔಷಧ ಸ್ಪಷ್ಟವಾಗಿ ದೊರೆಯಿತು.