ಜಾರುವ ಶ್ರುತಿಯ ಬೆನ್ನು ಹತ್ತಿ

ಅಂದು ಸಂಜೆ ಕಾಫಿ ಲೋಟ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. "ಶ್ರುತಿ ಇಳಿಯುತ್ತಿದೆಯಲ್ಲೋ, ನಿನಗೆ ಕೇಳಿಸುತ್ತಿಲ್ಲವೇ?" ಎಂದಳು. ಇಪ್ಪತ್ತು ವರ್ಷ ವೀಣೆಯ ಜೊತೆ ಕಳೆದ ಕಿವಿ ಅವಳದು. ಮೇಜಿನ ಮೇಲೆ ನಾನೇ ಬೆಸುಗೆ ಹಾಕಿ ಕಟ್ಟಿದ, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಸರ್ ಎಂಟು ಸ್ವರಗಳನ್ನು ಸುತ್ತಿ ಸುತ್ತಿ ನುಡಿಸುತ್ತಿತ್ತು. ಅರ್ಧ ಗಂಟೆಯ ಹಿಂದೆ ಶ್ರುತಿಪೆಟ್ಟಿಗೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿದ್ದ ಷಡ್ಜ ಆಗಲೇ ಕೆಳಗೆ ಜಾರಿತ್ತು. ಎರಡು ತಿಂಗಳಿಂದ ನಾನು ಗುದ್ದಾಡುತ್ತಿದ್ದದ್ದು ಅದರ ಜೊತೆಗೇ.

ಇದಕ್ಕೆಲ್ಲ ಕಾರಣ ಬರ್ಲಿನ್‌ನ ಟ್ಯಾಂಜರಿನ್ ಡ್ರೀಮ್ ತಂಡದ 'ಫೀಡ್ರಾ'. 1974ರ ಫೆಬ್ರವರಿಯಲ್ಲಿ ಹೊರಬಂದ ಆಲ್ಬಂ. ಎಡ್ಗರ್ ಫ್ರೋಸೆ, ಕ್ರಿಸ್ಟೋಫರ್ ಫ್ರಾಂಕೆ, ಪೀಟರ್ ಬೌಮನ್ ಮೂವರೂ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಹಳ್ಳಿಯೊಂದರಲ್ಲಿದ್ದ ಮ್ಯಾನರ್ ಸ್ಟುಡಿಯೊದಲ್ಲಿ 1973ರ ಕೊನೆಯ ಚಳಿಯಲ್ಲಿ ಕುಳಿತು ಮಾಡಿದ್ದು. ಹಾಡುಗಾರನಿಲ್ಲ, ಡ್ರಮ್ಸ್‌ನ ತಾಳವಿಲ್ಲ. ಆದರೂ ಅದು ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ 15ನೇ ಸ್ಥಾನದವರೆಗೆ ಏರಿತು. 17 ನಿಮಿಷ ಮೀರಿದ ಮೊದಲ ಕೃತಿಯ ಅಡಿಯಲ್ಲಿ ಮೂಗ್ ಎಂಬ ಕಂಪನಿಯ ಸಿಂಥಸೈಸರಿನ ಮಂದ್ರ ಸ್ವರಗಳ ಸಾಲೊಂದು ಓಡುತ್ತದೆ. ಆ ಓಟ ಹೇಗೆ ಹುಟ್ಟುತ್ತದೆ ಎಂಬುದನ್ನು ಕೈಯಿಂದಲೇ ತಿಳಿಯಬೇಕು ಎನಿಸಿತು. ಕಂಪ್ಯೂಟರಿನಲ್ಲಿ ಅದೇ ಸದ್ದು ಹತ್ತು ನಿಮಿಷದಲ್ಲಿ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಸದ್ದು ಮಾತ್ರ ಅಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೆ, ಸ್ವರಗಳ ಸಾಲನ್ನು ತಾನಾಗಿ ಸುತ್ತಿಸುವ ಸೀಕ್ವೆನ್ಸರಿಗೆ ಬೇಕಾದ ಸಾಮಾನು ಸಿಗುತ್ತದೆ. ಒಂದು 4017 ಐಸಿ, ಮಿಡಿತ ಕೊಡಲು ಒಂದು 555, ಎಂಟು ನಾಬುಗಳು, ಎಂಟು ಡಯೋಡುಗಳು. 4017 ಹತ್ತರವರೆಗೆ ಎಣಿಸುವ ಐಸಿ. ಅದರ ಒಂಬತ್ತನೆಯ ಔಟ್‌ಪುಟ್ಟನ್ನು 15ನೇ ಪಿನ್ನಿಗೆ ಸೇರಿಸಿದರೆ ಎಂಟಕ್ಕೇ ತಿರುಗಿ ಮೊದಲಿಗೆ ಬರುತ್ತದೆ. ಪ್ರತಿ ಹೆಜ್ಜೆಯಲ್ಲೂ ಒಂದು ನಾಬ್ ತನ್ನ ಪಾಲಿನ ವೋಲ್ಟೇಜನ್ನು ಸ್ವರ ಹುಟ್ಟಿಸುವ ಆಸಿಲೇಟರಿಗೆ ಕಳುಹಿಸುತ್ತದೆ. ಒಂದು ವೋಲ್ಟ್ ಹೆಚ್ಚಾದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಮೂಗ್ 960 ಸೀಕ್ವೆನ್ಸರಿನಲ್ಲೂ ಇಂಥವೇ ಎಂಟು ಹೆಜ್ಜೆಗಳು, ಅವುಗಳದೇ ಮೂರು ಸಾಲು. ನನ್ನದು ಒಂದೇ ಸಾಲು.

ಮೊದಲ ಸಲ ಅದು ಓಡಿದಾಗ ಆದ ಸಂತೋಷ ಮೂರು ನಿಮಿಷ ಬಾಳಿತು. ಸೀಕ್ವೆನ್ಸರನ್ನು ಅದರ ಪಾಡಿಗೆ ಬಿಟ್ಟು ಮೇಲೆ ಕೀಬೋರ್ಡ್ ನುಡಿಸುತ್ತಿದ್ದೆ, ಕೆಳಗೆ ಹಿಟ್ಟಿನ ಗಿರಣಿ ನಡೆದಂತೆ ಕೇಳಿಸುತ್ತಿತ್ತು. ಮತ್ತೆ 'ಫೀಡ್ರಾ' ಹಾಕಿ, ಹೆಡ್‌ಫೋನ್ ಕಿವಿಗೇರಿಸಿ, ಮಂದ್ರದ ಸಾಲು ಬದಲಾದಾಗಲೆಲ್ಲ ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಾ ಹೋದೆ. ಕಾಗದ ತುಂಬಿತು. ಒಂದು ಸ್ವರ ಮೇಲೇರುತ್ತದೆ, ಧ್ವನಿಯ ಹೊಳಪನ್ನು ಹೆಚ್ಚುಕಡಿಮೆ ಮಾಡುವ ಫಿಲ್ಟರ್ ತುಸು ತೆರೆದು ಮತ್ತೆ ಮುಚ್ಚುತ್ತದೆ, ಗತಿ ಬದಲಾಗುತ್ತದೆ. ಯಂತ್ರ ತಾನಾಗಿ ನುಡಿಯುತ್ತಿದೆ ಎಂದು ನಾನು ವರ್ಷಗಟ್ಟಲೆ ನಂಬಿದ್ದ ಕಡೆ ಉದ್ದಕ್ಕೂ ಮನುಷ್ಯನ ಕೈಯಿತ್ತು.

ಅಲ್ಲಿಂದ ಕೀಬೋರ್ಡನ್ನು ಬದಿಗಿಟ್ಟೆ. ಎಡಗೈ ಫಿಲ್ಟರಿನ ಮೇಲೆ, ಬಲಗೈ ಎಂಟು ನಾಬುಗಳ ಮೇಲೆ. ಒಂದು ಸಲಕ್ಕೆ ಒಂದೇ ನಾಬ್ ಮುಟ್ಟಬೇಕು, ಮುಟ್ಟಿದ ಮೇಲೆ ಕನಿಷ್ಠ ನಾಲ್ಕು ಆವರ್ತ ಸುಮ್ಮನಿರಬೇಕು ಎಂದು ನಿಯಮ ಹಾಕಿಕೊಂಡೆ. ಕೈ ಕಟ್ಟಿಕೊಂಡು ಕಾಯುವುದನ್ನು ಕಲಿಯಲು ಬಹಳ ದಿನ ಹಿಡಿಯಿತು. ನಾಬಿನ ಮೇಲೆ ಯಾವ ಗುರುತೂ ಇಲ್ಲ. ಪಂಚಮದಿಂದ ನಿಷಾದಕ್ಕೆ ಹೋಗಬೇಕೆಂದರೆ ಕಿವಿಯನ್ನೇ ನಂಬಿ ತಿರುಗಿಸಬೇಕು. ಆ ಹೆಜ್ಜೆ ಬಂದಾಗ ಮಾತ್ರ ಸ್ವರ ಕೇಳಿಸುವುದರಿಂದ ತಪ್ಪಿದರೆ ತಿದ್ದಲು ಮುಂದಿನ ಆವರ್ತದವರೆಗೆ ಕಾಯಬೇಕು. ಪ್ರತಿಧ್ವನಿ ಕೊಡುವ ಪೆಟ್ಟಿಗೆಯನ್ನು ಒಂದೂವರೆ ಹೆಜ್ಜೆಯಷ್ಟು ತಡಕ್ಕೆ ಹೊಂದಿಸಿದ ದಿನ ಎಂಟು ಸ್ವರ ಹದಿನಾರಾದವು. ಪ್ರತಿ ಸ್ವರದ ನೆರಳು ಮುಂದಿನ ಎರಡು ಸ್ವರಗಳ ನಡುವಿನ ಸಂದಿಯಲ್ಲಿ ಬಂದು ಕೂರುತ್ತದೆ. ಓಟಕ್ಕೆ ಉಸಿರು ಬಂದದ್ದು ಆಗ.

ಇನ್ನು ಶ್ರುತಿಯ ವಿಷಯ. ವೋಲ್ಟೇಜನ್ನು ಸ್ವರವಾಗಿಸುವ ಕೆಲಸ ಆಸಿಲೇಟರಿನೊಳಗಿನ ಒಂದು ಜೋಡಿ ಟ್ರಾನ್ಸಿಸ್ಟರುಗಳದು, ಅವಕ್ಕೆ ಬಿಸಿ ತಾಗಿದರೆ ಲೆಕ್ಕ ತಪ್ಪುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.33 ಶೇಕಡಾ. ಕೇಳಲು ಅಲ್ಪ. ಆದರೆ ಆಧಾರ ಸ್ವರದಿಂದ ಮೂರು ಸ್ಥಾಯಿ ಮೇಲಿರುವ ಸ್ವರ ಅಷ್ಟಕ್ಕೇ 12 ಸೆಂಟ್ ಇಳಿಯುತ್ತದೆ. ಅಕ್ಕಪಕ್ಕದ ಎರಡು ಕೀಲಿಗಳ ನಡುವಿನ ಅಂತರ 100 ಸೆಂಟ್. ಪೆಟ್ಟಿಗೆಯೊಳಗೆ ಐದು ಡಿಗ್ರಿ ಏರಿದರೆ ಆ ಅಂತರದ ಅರ್ಧಕ್ಕಿಂತ ಹೆಚ್ಚು ಹೋಯಿತು. ಇದನ್ನು ಸರಿದೂಗಿಸಲು ಬಿಸಿಯಾದಂತೆ ಅದೇ ಪ್ರಮಾಣದಲ್ಲಿ ತಡೆ ಹೆಚ್ಚಿಸುವ ವಿಶೇಷ ರೆಸಿಸ್ಟರನ್ನು ಟ್ರಾನ್ಸಿಸ್ಟರುಗಳಿಗೆ ಅಂಟಿಸಿ ಕೂರಿಸುತ್ತಾರೆ. ನನಗೆ ಅದು ಅಂಗಡಿಯಲ್ಲಿ ಸಿಗದೆ ಮೂರೂ ಆಸಿಲೇಟರುಗಳಿಗೆ ಮಾಮೂಲು ರೆಸಿಸ್ಟರನ್ನೇ ಹಾಕಿದ್ದೆ. ಪರಿಣಾಮ, ಫ್ಯಾನ್ ಹಾಕಿದರೆ ಒಂದು ಶ್ರುತಿ, ನಿಲ್ಲಿಸಿದರೆ ಇನ್ನೊಂದು.

ಮ್ಯಾನರ್‌ನಲ್ಲೂ ಇದೇ ಕಷ್ಟವಿತ್ತು. ಮೂಗ್ ಸಿಂಥಸೈಸರನ್ನು ಶ್ರುತಿಗೆ ತರಲು ದಿನವೂ ಕೆಲವು ಗಂಟೆ ಬೇಕಾಗುತ್ತಿದ್ದವು ಎಂದೂ, ಬೆಳಗ್ಗೆ 11ರಿಂದ ರಾತ್ರಿ 2ರವರೆಗೆ ದುಡಿದರೂ 11ನೇ ದಿನಕ್ಕೆ ಟೇಪಿನ ಮೇಲೆ ಸರಿಯಾಗಿ ಆರು ನಿಮಿಷದ ಸಂಗೀತವೂ ಇರಲಿಲ್ಲವೆಂದೂ ಫ್ರೋಸೆ ನೆನಪಿಸಿಕೊಂಡಿದ್ದರು. ಯಂತ್ರ ಬಿಸಿಯಾಗುತ್ತಾ ಜಾರಿದ ಶ್ರುತಿಯನ್ನು ಅವರು ಅಳಿಸಲಿಲ್ಲ. ಶೀರ್ಷಿಕೆಯ ಕೃತಿಯಲ್ಲಿ ಅದು ಇಂದಿಗೂ ಕೇಳಿಸುತ್ತದೆ.

ಆಲ್ಬಂನ ಎರಡನೆಯ ಕೃತಿಯ ಕಥೆ ನನಗೆ ಇನ್ನೂ ಪ್ರಿಯ. ಜೊತೆಗಾರರಿಬ್ಬರೂ ದಣಿದು ಮಲಗಿದ್ದಾಗ ಫ್ರೋಸೆ ಟೇಪಿನಲ್ಲಿ ತುಂಬಿದ ಧ್ವನಿ ನುಡಿಸುವ ಮೆಲೊಟ್ರಾನ್ ಎಂಬ ಕೀಬೋರ್ಡಿನ ಮುಂದೆ ಕುಳಿತು ಅದನ್ನು ಒಂದೇ ಉಸಿರಿನಲ್ಲಿ ನುಡಿಸಿದರು. ಧ್ವನಿಯನ್ನು ಅಲೆಯಾಗಿ ತೂಗಿಸುವ ಫೇಸರ್ ಉಪಕರಣದ ನಾಬುಗಳನ್ನು ತಿರುಗಿಸಿದ್ದು ಅವರ ಹೆಂಡತಿ. ಮೆಲೊಟ್ರಾನಿನ ಪ್ರತಿ ಕೀಲಿಯ ಕೆಳಗೂ ಒಂದು ಟೇಪಿನ ತುಂಡಿದೆ. ಸುಮಾರು ಎಂಟು ಸೆಕೆಂಡಿಗೆ ಅದು ಮುಗಿಯುತ್ತದೆ, ಅಷ್ಟರಲ್ಲಿ ಬೆರಳು ಎತ್ತಲೇಬೇಕು.

ನನ್ನ ಬಳಿ ಮೆಲೊಟ್ರಾನ್ ಇಲ್ಲ. ಅಕ್ಕನ ಅಕಾರವನ್ನು ಹನ್ನೆರಡು ಸ್ವರಗಳಲ್ಲಿ, ತಲಾ ಎಂಟು ಸೆಕೆಂಡು ರೆಕಾರ್ಡ್ ಮಾಡಿ ಕೀಬೋರ್ಡಿಗೆ ತುಂಬಿದೆ. ಮುಗಿದ ಧ್ವನಿ ಮತ್ತೆ ಮೊದಲಿನಿಂದ ಸುತ್ತದಂತೆ ನೋಡಿಕೊಂಡೆ. ಏಳನೆಯ ಸೆಕೆಂಡಿಗೆ ಅವಳ ಉಸಿರು ಸಣ್ಣಗೆ ನಡುಗುವುದು ಕೇಳಿಸುತ್ತದೆ. ಅದನ್ನು ಹಾಗೇ ಇಟ್ಟೆ. ರಾತ್ರಿ ಹತ್ತೂವರೆಗೆ ಇಬ್ಬರೂ ನೆಲದ ಮೇಲೆ ಚಾಪೆ ಹಾಸಿ ಕುಳಿತೆವು. ಫೇಸರ್ ಅವಳ ಕೈಯಲ್ಲಿ. "ಎಷ್ಟು ತಿರುಗಿಸಬೇಕು?" ಎಂದಳು. "ವಿಳಂಬದಲ್ಲಿ ಆಲಾಪನೆ ಬೆಳೆಸುತ್ತೀಯಲ್ಲ, ಅಷ್ಟು ನಿಧಾನ" ಎಂದೆ. ಆಮೇಲೆ ನಾನು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಹನ್ನೊಂದು ನಿಮಿಷ ಅವಳ ಬೆರಳು ಆ ನಾಬನ್ನು ಬಿಡಲಿಲ್ಲ.

ವಿಶೇಷ ರೆಸಿಸ್ಟರುಗಳು ಅಂಚೆಯಲ್ಲಿ ಬಂದದ್ದು ಅದಾದ ಮೂರು ವಾರಕ್ಕೆ. ಮೂರನ್ನೂ ಬದಲಾಯಿಸಲು ಕುಳಿತೆ. ಎರಡು ಆಸಿಲೇಟರುಗಳು ಕಲ್ಲಿನಂತೆ ನಿಂತವು. ಮೂರನೆಯದನ್ನು ಬಿಚ್ಚುವ ಮೊದಲು ಮೂರನ್ನೂ ಕೂಡಿಸಿ ಒಂದು ಗಂಟೆ ಓಡಲು ಬಿಟ್ಟೆ. ನಿಂತ ಎರಡು ಸ್ವರಗಳ ಪಕ್ಕದಲ್ಲಿ ಆ ಒಂದು ಮೆಲ್ಲಗೆ ಇಳಿಯುತ್ತಾ ಹೋಯಿತು. ಅಂತರ ಬೆಳೆದಂತೆ ಧ್ವನಿಯ ಏರಿಳಿತದ ಅಲೆಗಳು ಮೊದಲು ನಿಧಾನವಾಗಿ, ಆಮೇಲೆ ಚುರುಕಾಗಿ ಎದ್ದವು. ಬಾಗಿಲಲ್ಲಿ ನಿಂತಿದ್ದ ಅಕ್ಕ ಈ ಸಲ ಒಳಗೆ ಬಂದು ಕುಳಿತಳು. ಮೂರನೆಯದರಲ್ಲಿ ಇಂದಿಗೂ ಮಾಮೂಲು ರೆಸಿಸ್ಟರೇ ಇದೆ.