ಗಂಗಾವತಿ ಬಿಸಿಲಲ್ಲಿ ಮೈಯೊಳಗಿನ ಝಳ ಇಳಿಸಿಕೊಂಡಿದ್ದು

ಮುಟ್ಟು ನಿಂತ ಮೇಲೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವ ಈ ಝಳಕ್ಕೆ ಹಾರ್ಮೋನ್ ಮಾತ್ರೆ ನನಗೆ ಬೇಡ ಎಂದರು ಡಾಕ್ಟರು. ಹಿಂದೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಆಗಿತ್ತು. ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅದು ಸರಿಯಿದೆ ಅಂತಾದ ಮೇಲೆ ಹಿಪ್ನೋಸಿಸ್ ಮಾತೆತ್ತಿದರು. ಟಿವಿಯಲ್ಲಿ ಕಣ್ಣೆದುರು ಗಡಿಯಾರ ಆಡಿಸ್ತಾರಲ್ಲ, ಅದಾ ಅಂತ ನಕ್ಕೆ. ಅದಲ್ವಂತೆ. ಎಚ್ಚರ ಇದ್ದೇ ಇರುತ್ತದೆ, ಗಮನ ಮಾತ್ರ ಒಂದು ಕಡೆ ನಿಲ್ಲುತ್ತದೆ.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಗ್ಯಾರಿ ಎಲ್ಕಿನ್ಸ್ ತಂಡ 2013ರಲ್ಲಿ 187 ಹೆಂಗಸರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತು. ಹಿಪ್ನೋಸಿಸ್ ಮಾಡಿಸಿಕೊಂಡವರಲ್ಲಿ 12 ವಾರಕ್ಕೆ ಝಳ ಬರುವುದು ಶೇ 74ರಷ್ಟು ಇಳಿದಿತ್ತು. ಹಿಪ್ನೋಸಿಸ್ ಇಲ್ಲದೆ ಬರೀ ಮಾತುಕತೆ ನಡೆದ ಗುಂಪಿನಲ್ಲಿ ಇಳಿದದ್ದು ಶೇ 17. ಈ ಝಳ ಬರುವುದು ಹೀಗೆ: ಮುಟ್ಟು ನಿಂತು ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನ್ ಕಮ್ಮಿಯಾದಾಗ, ಮೈ ಶಾಖ ನೋಡಿಕೊಳ್ಳುವ ಮಿದುಳಿನ ಭಾಗ ಚೂರು ಬಿಸಿಗೂ ಗಾಬರಿಯಾಗಿ ಬೆವರು ಸುರಿಸುತ್ತದೆ.

ಹಿಪ್ನೋಸಿಸ್‌ಗೆ ಅಂತ ಮೊದಲು ಕೇಳಿದ ಆಡಿಯೋದಲ್ಲಿ ಹಿಮದ ಬೆಟ್ಟ ನೆನೆಸಿಕೊಳ್ಳಿ ಅಂದರು. ಹಿಮ ಕಾಣದ ನನಗೆ ಅದು ಕ್ಯಾಲೆಂಡರ್ ಚಿತ್ರ ಅಷ್ಟೇ. ಮೈಗೆ ಗೊತ್ತಿರುವ ತಂಪೇ ಬೇಕು ಅನ್ನಿಸಿತು. ನನಗೆ ಗೊತ್ತಿರುವುದು ತುಂಗಭದ್ರಾ ಎಡದಂಡೆ ಕಾಲುವೆ. ಭತ್ತದ ನಾಟಿ ಹೊತ್ತಿಗೆ ನೀರು ಬಿಟ್ಟಾಗ ಬೆಳಗಿನ ಜಾವ ಮೆಟ್ಟಿಲಿಳಿದು ಕಾಲಿಟ್ಟರೆ, ಕೆಂಪು ನೀರು ಮೊದಲು ಹಿಮ್ಮಡಿಗೆ ಚುರುಕ್ ಅನ್ನುತ್ತದೆ, ಆಮೇಲೆ ಮೀನಖಂಡಕ್ಕೆ ಹತ್ತುತ್ತದೆ. ಅದನ್ನೇ ನಿಧಾನವಾಗಿ ಹೇಳಿ ಫೋನಲ್ಲಿ ರೆಕಾರ್ಡ್ ಮಾಡಿಕೊಂಡೆ.

ರಾತ್ರಿ ಪಾತ್ರೆ ತೊಳೆದಾದ ಮೇಲೆ ಗೋಡೆಯ ಒಂದು ಚುಕ್ಕೆಯನ್ನೇ ನೋಡುತ್ತಾ ಕೂರುತ್ತೇನೆ. ರೆಪ್ಪೆ ಭಾರವಾದಾಗ ಕಣ್ಣು ಮುಚ್ಚಿ, ಹಣೆಯಿಂದ ಪಾದದವರೆಗೆ ಮೈ ಸಡಿಲ ಬಿಟ್ಟು, ಕಾಲುವೆಗೆ ಇಳಿಯುತ್ತೇನೆ. "ಈ ತಂಪು ನನ್ನ ಜೊತೆಗೇ ಇರುತ್ತೆ" ಅಂದುಕೊಂಡು ಹೆಬ್ಬೆರಳಿಗೆ ತೋರುಬೆರಳು ಒತ್ತುತ್ತೇನೆ. ಐದು ಎಣಿಸಿ ಕಣ್ಣು ತೆರೆಯುತ್ತೇನೆ. ಮೊದಮೊದಲು ಸೊಸೆ ಬಾಗಿಲಲ್ಲಿ ಇಣುಕಿ "ಅತ್ತಿ, ಕುಂತಲ್ಲೇ ಮಲಗಿದ್ರೇನ್ರಿ?" ಅನ್ನುತ್ತಿದ್ದಳು.

ಈಗ ಕುತ್ತಿಗೆಯ ಹಿಂದೆ ಬಿಸಿ ಏಳುತ್ತಿದ್ದಂತೆ ಬೆರಳು ಒತ್ತಿ, ಉಸಿರು ನಿಧಾನ ಮಾಡಿದರೆ, ಹಿಮ್ಮಡಿಗೆ ನೀರು ತಾಕುತ್ತದೆ. ಝಳ ಪೂರ್ತಿ ಹೋಗಿಲ್ಲ. ಆದರೆ ಏರುವ ಮೊದಲೇ ಸೋಲುವುದು ಜಾಸ್ತಿ. ರಾತ್ರಿ ಸೆರಗು ಒದ್ದೆಯಾಗಿ ಏಳುವುದು ಕಮ್ಮಿಯಾಗಿದೆ. ಗಾಡಿ ಓಡಿಸುವಾಗ ಈ ರೆಕಾರ್ಡಿಂಗ್ ಕೇಳಲೇಬಾರದು. ಒಲೆ ಮುಂದೆ ರೊಟ್ಟಿ ಬಡಿಯುವಾಗ ಬಂದರೆ ಮಾತ್ರ ಯಾವ ಕಾಲುವೆಯೂ ಕೈ ಹಿಡಿಯಲ್ಲ. ಹಿಟ್ಟು ಸೊಸೆಗೆ ಒಪ್ಪಿಸಿ ಎದ್ದು ಬರುತ್ತೇನೆ.